ಪೇರಲ ಗಿಡಕ್ಕೆ ಚರಗ

ನಮ್ಮ ಮಾವ ಹೊಳೆಯಪ್ಪನವರು ಎಪ್ಪತ್ತನಾಲ್ಕು ವರ್ಷ ಒಂದು ಹಣ್ಣನ್ನೂ ತಿನ್ನದೆ ಬದುಕಿದರು. ಗುಡಿಯಲ್ಲಿ ಪ್ರಸಾದವೆಂದು ಬಾಳೆಹಣ್ಣು ಕೈಗೆ ಬಂದರೆ ಕಣ್ಣಿಗೆ ಒತ್ತಿಕೊಂಡು ಮಗ್ಗುಲಲ್ಲಿದ್ದವರಿಗೆ ದಾಟಿಸಿಬಿಡುವರು. ಮದುವೆಯಾಗಿ ಮೊರಬಕ್ಕೆ ಬಂದ ಹೊಸದರಲ್ಲಿ ನನಗೆ ಇದು ನಗುವ ಸಂಗತಿ. ನಾನು ಮಿಶ್ರಿಕೋಟಿಯವಳು. ನಮ್ಮ ಕಡೆ ಹಿತ್ತಿಲೆಂದರೆ ಏನಾದರೊಂದು ಹಣ್ಣಿನ ಗಿಡ ಇರಲೇಬೇಕು. ಇಲ್ಲಿ ಕಣ್ಣು ಹರಿದಷ್ಟು ದೂರ ಕರಿ ನೆಲ. ಹತ್ತಿ, ಮೆಣಸಿನಕಾಯಿ, ಜೋಳ, ನಡುವೆ ಅಲ್ಲೊಂದು ಜಾಲಿ, ಇಲ್ಲೊಂದು ಬನ್ನಿ. ಹಣ್ಣು ಸಂತೆಯಿಂದ ಚೀಲದಲ್ಲಿ ಬರಬೇಕು.

ಈ ವರ್ಷದ ಶ್ರಾವಣದಲ್ಲಿ ನನ್ನ ನಗು ನಿಂತಿತು. ಒಂದು ಮುಂಜಾನೆ ಮಾವ ಕಚ್ಚಿ ಇಟ್ಟ ರೊಟ್ಟಿಯ ಅಂಚಿಗೆ ರಕ್ತ ಹತ್ತಿತ್ತು. ಯಾರೂ ನೋಡಲಿಲ್ಲ ಅಂದುಕೊಂಡು ಆ ತುಂಡನ್ನು ಮುರಿದು ನಾಯಿಗೆ ಹಾಕಿದರು. ನಾನು ನೋಡಿದ್ದೆ. ಆಮೇಲೆ ನೋಡುತ್ತಾ ಹೋದಂತೆ ಕಾಲ ಮೇಲೆ ನೀಲಿ ಕಲೆ, ಏಳುವಾಗ ಕಂಬ ಹಿಡಿಯುವುದು, ಹೊಲಕ್ಕೆ ಹೊರಟವರು ಅರ್ಧ ದಾರಿಯಿಂದ ತಿರುಗಿ ಬರುವುದು. ಆರು ದಶಕ ಆ ಹೊಲಕ್ಕೆ ದಿನಾ ಹೋಗಿಬಂದ ಕಾಲುಗಳು ಅವು. ನನಗೆ ಹೆದರಿಕೆಯಾಯಿತು.

ನನ್ನ ಗಂಡ ಬೀರಲಿಂಗ ಅವರನ್ನು ನವಲಗುಂದಕ್ಕೆ ಕರೆದೊಯ್ದ. ನಾನೂ ಹೋದೆ. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಬಾಯಿ ತೆರೆಸಿ ಒಸಡು ನೋಡಿ, ದಿನಾ ಏನು ಉಣ್ಣುತ್ತೀರಿ ಅಂತ ಕೇಳಿದಳು. ಮಾವ "ಹಾಲು ರೊಟ್ಟಿ" ಅಂದರು. ಮತ್ತೆ? "ಮತ್ತ ಹಾಲು ರೊಟ್ಟಿ." ಸುಳ್ಳಲ್ಲ. ನಮ್ಮ ಅತ್ತೆ ಮೈಲಾರವ್ವ ತೀರಿಕೊಂಡು ಎರಡು ವರ್ಷವಾಗಿತ್ತು. ಅವತ್ತಿನಿಂದ ಅವರು ಖಾರ ಬಿಟ್ಟರು, ಹುಳಿ ಬಿಟ್ಟರು, ಪಲ್ಲೆ ಬಿಟ್ಟರು. ಹಣ್ಣಂತೂ ಮೊದಲೇ ಇರಲಿಲ್ಲ.

"ಮೈಯಾಗ ಹಣ್ಣಿನ ಸತ್ವನ ಇಲ್ಲರಿ ಇವರಿಗೆ," ಅಂದಳು ಡಾಕ್ಟರಮ್ಮ. "ಗುಳಿಗಿ ಕೊಡ್ತೀನಿ, ಆದ್ರ ಹಣ್ಣು ತಿನ್ನಾಕಬೇಕು. ಪೇರಲ, ಮೋಸಂಬಿ, ಏನ ಸಿಗತೈತಿ ಅದು. ಹಿಂಗ ಬಿಟ್ರ ಹಲ್ಲು ಉದುರತಾವ. ಆಮ್ಯಾಲೆ ಅಜ್ಜಾರನ್ನ ಉಳಸ್ಕೊಳ್ಳೂದು ಕಷ್ಟ ಐತ್ರಿ."

ಮಾವ ಗುಳಿಗೆಗಳನ್ನು ಗೋಡೆಯ ಮಾಡದಲ್ಲಿ ಸಾಲಾಗಿ ಇಟ್ಟು ಅಲ್ಲೇ ಮರೆತರು. ಹಣ್ಣಿನ ಪಾಲಿನ ಕೆಲಸ ನನ್ನ ತಲೆಗೆ ಬಂತು.

ನಾನು ಹಟಮಾರಿ. ಹಣ್ಣು ತಿನ್ನದವರಿಗೆ ತಿನ್ನಿಸುವ ಉಪಾಯ ಅಂತ ಫೋನಿನಲ್ಲಿ ಎಷ್ಟು ವಿಡಿಯೋ ಇವೆಯೋ ಅಷ್ಟನ್ನೂ ನೋಡಿದೆ. ಮೋಸಂಬಿ ಹಿಂಡಿ ಲೋಟದಲ್ಲಿ ಕೊಟ್ಟೆ, ಲೋಟ ಸಂಜೆಯವರೆಗೆ ಕಟ್ಟೆಯ ಮೇಲೆ ಹಾಗೇ ಕೂತಿತ್ತು. ಪೇರಲ ಹೆಚ್ಚಿ ಉಪ್ಪು ಖಾರ ಉದುರಿಸಿಟ್ಟೆ, ನನ್ನ ಮಗಳು ರೇಷ್ಮಾ ತಟ್ಟೆ ನೆಕ್ಕಿ ಕೊಟ್ಟಳು. ಬಾಳೆಹಣ್ಣಿನ ಸೀಕರಣಿ ಮಾಡಿ ಚಪಾತಿಯ ಮಗ್ಗುಲಲ್ಲಿ ಬಡಿಸಿದೆ. ಚಪಾತಿ ಹೋಯಿತು, ಸೀಕರಣಿ ಉಳಿಯಿತು. ವಿಡಿಯೋದ ಹೆಂಗಸು ಹಣ್ಣನ್ನು ಹೂವಿನ ಆಕಾರದಲ್ಲಿ ಕತ್ತರಿಸಿ, ನೋಡಿದರೇ ತಿನ್ನಬೇಕು ಅನಿಸುತ್ತದೆ ಅಂದಳು. ಅವಳು ನಮ್ಮ ಮಾವನನ್ನು ಕಂಡಿರಲಿಲ್ಲ.

"ಬಿಡ, ಅಪ್ಪನ ಹಟ ಅದು. ನಿನ್ನ ಕೈಲಿ ಮುರಿಯೂದಲ್ಲ," ಅಂದ ಬೀರಲಿಂಗ.

ಬಿಡುವುದು ಹೇಗೆ? ಕೊನೆಗೆ ಕಳ್ಳತನಕ್ಕೆ ಇಳಿದೆ. ಚೆನ್ನಾಗಿ ಕಳಿತ ಬಾಳೆಹಣ್ಣನ್ನು ನುಣ್ಣಗೆ ಕಿವುಚಿ ಹಾಲಿನಲ್ಲಿ ಕದಡಿ, ಅದರಲ್ಲಿ ರೊಟ್ಟಿ ಮುರಿದು ಕೊಟ್ಟೆ. ಮಾವ ಉಂಡರು. ರುಚಿ ಗೊತ್ತಿದ್ದವರಿಗಲ್ಲವೇ ಗುರುತು ಸಿಗುವುದು! ಮರುದಿನವೂ ಉಂಡರು, ಮೂಗು ಏರಿಸಿ "ಎಮ್ಮಿ ಏನ ಮೇದು ಬಂದೈತಿ, ಹಾಲು ಸಿಹಿ ಆಗ್ಯಾವ" ಅಂದರು. ನಾನು ಒಲೆಯ ಮುಂದೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಮೂರನೆಯ ದಿನ ರೇಷ್ಮಾ ಅಜ್ಜನ ಎದುರು ಚಕ್ಕಳಮಕ್ಕಳ ಹಾಕಿ ಕೂತು, "ಅಜ್ಜಾ, ನಿನ್ನ ಹಾಲಿನ್ಯಾಗ ಅವ್ವ ಬಾಳಿಹಣ್ಣ ಹಾಕ್ಯಾಳ. ನನಗ ಹೇಳಬ್ಯಾಡ ಅಂದಾಳ" ಅಂತ ಇದ್ದದ್ದು ಇದ್ದಂತೆ ಒಪ್ಪಿಸಿದಳು.

ಮಾವ ಬೈಯಲಿಲ್ಲ. ಕೈ ತೊಳೆದುಕೊಂಡು ಎದ್ದರು. ಅಂದು ರಾತ್ರಿಯ ಊಟಕ್ಕೆ ತಾವೇ ಒಳಗೆ ಬಂದು, ಪಾತ್ರೆಯಿಂದ ತಾವೇ ಹಾಲು ಬಗ್ಗಿಸಿಕೊಂಡು, ಬುಟ್ಟಿಯಿಂದ ರೊಟ್ಟಿ ತೆಗೆದು ತಾವೇ ಮುರಿದುಕೊಂಡರು. ಮರುದಿನವೂ ಹಾಗೇ. ನನ್ನ ಕೈಯ ಊಟ ಬಿಟ್ಟುಬಿಟ್ಟರು. ಹತ್ತು ವರ್ಷ ಬಡಿಸಿದ ಕೈ ಇದು. ನನಗೆ ಸಿಟ್ಟು ಬಂತು, ಆಮೇಲೆ ಅಳು ಬಂತು. ಅವರ ಒಸಡಿನ ರಕ್ತ ನಿಂತಿರಲಿಲ್ಲ, ಈಗ ನನ್ನ ಮೇಲಿನ ನಂಬಿಕೆಯೂ ಹೋಗಿತ್ತು.

ಸೀಗಿ ಹುಣ್ಣಿಮೆಗೆ ನಾಲ್ಕು ದಿನ ಇರುವಾಗಿನ ಮಧ್ಯಾಹ್ನ. ಮಳೆ ಹಿಂದೆ ಸರಿದು ಬಿಸಿಲು ಹೊಸದಾಗಿತ್ತು. ಊರಿಗೆ ಊರೇ ಮಲಗಿತ್ತು. ದೂರದ ಟ್ರ್ಯಾಕ್ಟರಿನ ಸದ್ದು ಒಮ್ಮೆ ಕೇಳಿಸಿ ಒಮ್ಮೆ ಮಾಯವಾಗುತ್ತಿತ್ತು. ಮಾವ ಕಟ್ಟೆಯ ಮೇಲೆ ಗೋಡೆಗೆ ಒರಗಿದ್ದರು, ಕಣ್ಣು ಅರ್ಧ ಮುಚ್ಚಿತ್ತು. ನಿದ್ದೆಯಲ್ಲಿದ್ದವರನ್ನು ಕೇಳಿದಂತೆ ಮೆಲ್ಲಗೆ ಕೇಳಿದೆ.

"ಮಾವಾರ, ಕದ್ದು ಹಾಕಿದ್ದು ತಪ್ಪಾತ್ರಿ. ಆದ್ರ ಹಣ್ಣು ಯಾಕ ಒಲ್ಲೆ ಅಂತೀರಿ? ಒಂದ ಸಲ ಹೇಳ್ರಿ, ಮತ್ತ ಕೇಳೂದಿಲ್ಲ."

ಮಾವ ಕಣ್ಣು ತೆರೆಯದೆ ಮಾತಾಡಿದರು.

"ಬಸುರಿದ್ದಾಗ ಅದಕ್ಕ ಯಾರ ಉಣಿಸ್ಯಾರವ್ವ?"

"ಯಾವುದಕ್ರಿ?"

"ಆ ಹಣ್ಣಿನ ತಾಯಿಗೆ. ನಮ್ಮ ಭೂಮಿ ಬಸುರಾದಾಗ ನಾ ಉಣಿಸೀನಿ. ವರ್ಷಾ ಸೀಗಿ ಹುಣ್ಣವಿಗೆ ಚರಗಾ ಚೆಲ್ಲೀನಿ. ಕಡಬು, ಹೋಳಗಿ, ಪುಂಡಿಪಲ್ಲೆ, ಏನ ಮಾಡಿದ್ರೂ ಮೊದಲ ಆಕಿಗೆ. ಆಮ್ಯಾಲೆ ಆಕಿ ಹಡದದ್ದು ನಾ ಉಂಡೀನಿ. ಎಮ್ಮಿ ಗಬ್ಬಿದ್ದಾಗ ಹಿಂಡಿ ಕಲಸಿ ಇಟ್ಟೀನಿ, ಅದರ ಹಾಲು ಕುಡದೀನಿ. ಸಂತ್ಯಾಗಿನ ಹಣ್ಣಿನ ತಾಯಿ ಯಾರು? ಎಲ್ಲಿ ನಿಂತಾಳ? ಉಂಡಿದ್ಲೋ ಉಪಾಸ ಇದ್ಲೋ? ಉಪಾಸಿದ್ದ ಬಸುರಿ ಕೂಸಿನ್ನ ಕಿತ್ತು ತಿನ್ನಾಕ ನನ್ನ ಕೈಲಿ ಆಗಂಗಿಲ್ಲವ್ವ. ನಮ್ಮವ್ವ ಹಂಗ ಕಲಿಸ್ಯಾಳ."

ನಾನು ಜಗಳಗಂಟಿ. ಸಿಕ್ಕರು ಅಂದುಕೊಂಡೆ. "ಮತ್ತ ಚಾ ಪುಡಿ? ಅದರ ಗಿಡ ಯಾವಾಗ ನೋಡೀರಿ?"

"ಚಾ ನಾ ಯಾವಾಗ ಕುಡದೀನಿ?"

ಕುಡಿದಿರಲಿಲ್ಲ. ಹತ್ತು ವರ್ಷದಲ್ಲಿ ಒಮ್ಮೆಯೂ ಕುಡಿದಿರಲಿಲ್ಲ, ನಾನು ಗಮನಿಸಿರಲಿಲ್ಲ ಅಷ್ಟೇ. ಮಾವ ಮತ್ತೆ ನಿದ್ದೆಗೆ ಜಾರಿದರು. ನಾನು ಮಾತ್ರ ಎದ್ದು ಹೋಗಲಾರದೆ ಅಲ್ಲೇ ಕೂತೆ. ಬಸುರಿಗೆ ಯಾರು ಉಣಿಸಿದರು ಎಂಬ ಮಾತು ನನಗೂ ತಾಗಿತ್ತು. ರೇಷ್ಮಾ ಹೊಟ್ಟೆಯಲ್ಲಿದ್ದ ವರ್ಷ ಕೊರೊನಾ. ಏಳನೆಯ ತಿಂಗಳ ಕುಬಸಕ್ಕೆ ತವರಿನಿಂದ ಯಾರೂ ಬರುವಂತಿರಲಿಲ್ಲ. ಹಸಿರು ಸೀರೆಯಿಲ್ಲ, ಬಳೆಯಿಲ್ಲ, ಐದು ಜನ ಮುತ್ತೈದೆಯರಿಲ್ಲ. ಆ ದಿನಗಳಲ್ಲಿ ನಮ್ಮ ಮಿಶ್ರಿಕೋಟಿಯ ಮಹಬೂಬಸಾಬ ಕಾಕಾನ ತೋಟದ ಪೇರಲ ಹಣ್ಣು ಒಂದೇ ಸಮನೆ ನೆನಪಾಗುತ್ತಿತ್ತು, ಒಳಗೆ ಕೆಂಪು ತಿರುಳಿನದು. ಒಮ್ಮೆ ರೊಟ್ಟಿ ಬಡಿಯುತ್ತಾ ಒಲೆಯ ಮುಂದೆ ನನಗೆ ನಾನೇ ಹೇಳಿಕೊಂಡಿದ್ದೆ. ಮನೆಯಲ್ಲಿ ಯಾರಿಗೂ ಕೇಳಿಸಿಲ್ಲ ಅಂದುಕೊಂಡಿದ್ದೆ. ಮಗು ಹುಟ್ಟಿತು, ಆ ಆಸೆ ಹಾಗೇ ಎಲ್ಲೋ ಕರಗಿತು.

ಹುಣ್ಣಿಮೆ ಬಂತು. ಹಿಂದಿನ ದಿನದಿಂದ ಒಲೆ ಆರಲಿಲ್ಲ. ಶೇಂಗಾ ಹೋಳಿಗೆ, ಕಡಬು, ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಮೊಸರನ್ನ. ಬುಟ್ಟಿ ತುಂಬಿಸಿ ತಲೆಯ ಮೇಲೆ ಹೊತ್ತಾಗ ಮಾವ ಕಂಬ ಹಿಡಿದು ಎದ್ದು ನಿಂತರು. ನಾಲ್ಕು ಹೆಜ್ಜೆ ಬಂದು ಕೂತುಬಿಟ್ಟರು. "ನೀವ ಹೋಗಿ ಬರ್ರಿ," ಅಂದರು. ನಾವು ಹೊಲದಲ್ಲಿ ಐದು ಕಲ್ಲಿಗೆ ಸುಣ್ಣ ಹಚ್ಚಿ ಪೂಜೆ ಮಾಡಿದೆವು. ಬೀರಲಿಂಗ ಹೊಲದ ಸುತ್ತ ಅನ್ನ ಚೆಲ್ಲುತ್ತಾ ಚರಗದ ಕೂಗು ಹಾಕಿದ, ಹಿಂದೆ ನಾನು ನೀರು ಚಿಮುಕಿಸುತ್ತಾ ನಡೆದೆ. ಗಂಡನ ಕೂಗು ಚೆನ್ನಾಗಿತ್ತು. ಆದರೆ ಅದು ಮಾವನ ಕೂಗಲ್ಲ. ತಿರುಗಿ ಬಂದಾಗ ಅವರು ಕಟ್ಟೆಯ ಮೇಲೆ ಹೊಲದ ದಿಕ್ಕಿಗೆ ಮುಖ ಮಾಡಿ ಕೂತಿದ್ದರು. ತುಟಿಗಳು ಇನ್ನೂ ಅಲುಗುತ್ತಿದ್ದವು. ಮುಂದಿನ ವರ್ಷ ಈ ಕಟ್ಟೆಯ ಮೇಲೂ ಅವರು ಇರುವುದಿಲ್ಲವೇನೋ ಅನಿಸಿತು.

ಹಬ್ಬದ ಊಟದ ಭಾರಕ್ಕೆ ಮಧ್ಯಾಹ್ನ ಅಲ್ಲೇ ಪಡಸಾಲೆಯಲ್ಲಿ ಕಣ್ಣು ಮುಚ್ಚಿದೆ. ಕನಸಿನಲ್ಲಿ ಮಹಬೂಬಸಾಬ ಕಾಕಾನ ಪೇರಲ ಗಿಡ ನಡೆದುಕೊಂಡು ಮೊರಬಕ್ಕೆ ಬಂತು. ಕೆಂಪು ಮಣ್ಣು ಹತ್ತಿದ ಬೇರುಗಳನ್ನು ಒಂದೊಂದೇ ಎತ್ತಿ ಕರಿ ನೆಲದ ಮೇಲೆ ಇಡುತ್ತಾ, ಹತ್ತಿ ಹೊಲಗಳನ್ನು ದಾಟಿ ಬಂದು ನಮ್ಮ ಅಂಗಳದಲ್ಲಿ ದಣಿವಾರಿಸಿಕೊಂಡಿತು. ಮೈತುಂಬ ಕಾಯಿ. ನಾನು ಒಳಗಿನಿಂದ ಯಾರು ಅಂತ ಕೇಳಿದೆ. "ನಾನ," ಅಂತು. "ಎಲ್ಲಾರದೂ ಊಟ ಆತೇನು? ನನಗೇನರ ಉಳದೈತೇನು?" ಬುಟ್ಟಿಗೆ ಕೈ ಹಾಕಿದರೆ ತಳಕ್ಕೆ ಬೆರಳು ತಾಗಿತು. ಗಿಡ ಬೇಜಾರು ಮಾಡಿಕೊಳ್ಳಲಿಲ್ಲ. ಎಲೆ ಅಲುಗಿಸುತ್ತಾ ಬಂದ ದಾರಿಯಲ್ಲೇ ತಿರುಗಿ ಹೊರಟಿತು. ಎಚ್ಚರವಾದಾಗ ನನ್ನ ಕೈ ಇನ್ನೂ ಮುಂದೆ ಚಾಚಿತ್ತು.

ಮರುದಿನ ಬೆಳಗ್ಗೆ ಎದ್ದು ಹೊಸದಾಗಿ ಕಡಬು ಬೇಯಿಸಿದೆ. ಸಣ್ಣ ಬುಟ್ಟಿಯಲ್ಲಿ ಕಡಬು, ಹೋಳಿಗೆ, ಪುಂಡಿಪಲ್ಲೆ, ಮೊಸರನ್ನ ಇಟ್ಟು ಬಿಳಿ ಬಟ್ಟೆ ಕಟ್ಟಿದೆ. ಮಾವನ ಮುಂದೆ ಹೋಗಿ ನಿಂತೆ.

"ಮಾವಾರ, ಏಳ್ರಿ. ನಮ್ಮ ಊರಾಗ ಒಬ್ಬಾಕಿ ಬಸುರಿ ಅದಾಳ. ಯಾರೂ ಉಣಿಸಿಲ್ಲ ಆಕಿಗೆ. ಉಣಿಸಿ ಬರೂಣು."

ಈ ಸಲ ಕದ್ದದ್ದು ಏನೂ ಇರಲಿಲ್ಲ. ಯಾರು ಅಂತ ಕೇಳಿದರು, ಗಿಡ ಅಂದೆ. ಪೇರಲ ಗಿಡ. ನನ್ನ ಮುಖ ನೋಡಿದರು, ಬುಟ್ಟಿ ನೋಡಿದರು. ಆಮೇಲೆ ಗೂಟಕ್ಕೆ ಹಾಕಿದ್ದ ರುಮಾಲು ತೆಗೆದು ತಲೆಗೆ ಸುತ್ತಿಕೊಂಡರು.

"ಕಟ್ಟಿ ಇಳಿಯಾಕ ಆಗವಲ್ದು, ಮಿಶ್ರಿಕೋಟಿತನಾ ಹೆಂಗ ಕರಕೊಂಡ ಹೊಕ್ಕಿ?" ಅಂದ ಬೀರಲಿಂಗ.

"ನೀವು ಬಸ್ಸಿಗೆ ಹತ್ತಿಸ್ರಿ ಸಾಕು. ಮುಂದಿಂದು ನನಗ ಬಿಡ್ರಿ."

ಅವನು ಗಾಡಿಯ ಮೇಲೆ ಕೂರಿಸಿಕೊಂಡು ಬಂದು ಬಸ್ಸು ಹತ್ತಿಸಿದ. ರೇಷ್ಮಾ ಅಪ್ಪನ ಬಳಿ ಉಳಿದಳು. ಮಾವನಿಗೆ ಕಿಟಕಿ ಕೊಟ್ಟು ನಾನು ಬುಟ್ಟಿ ತೊಡೆಯ ಮೇಲೆ ಇಟ್ಟುಕೊಂಡೆ. ಬಸ್ಸಿನ ತೂಗಾಟಕ್ಕೆ ಇಬ್ಬರಿಗೂ ಜೊಂಪು. ಕಣ್ಣು ತೆರೆದಾಗಲೆಲ್ಲ ಹೊರಗೆ ಬೇರೆ ಬಣ್ಣ ಇರುತ್ತಿತ್ತು. ಮೊದಲು ಕರಿ ನೆಲ, ಆಮೇಲೆ ಹುಬ್ಬಳ್ಳಿಯ ಧೂಳು, ಬಸ್ಸು ಬದಲಿಸಿ ಮತ್ತೆ ಕೂತ ಮೇಲೆ ಅಲ್ಲಲ್ಲಿ ಕೆಂಪು ಮಣ್ಣು, ತಗ್ಗಿನಲ್ಲಿ ಭತ್ತದ ಹಸಿರು. ಮಾವ ಎಚ್ಚರವಾಗಿ ಒಮ್ಮೆ, "ನೆಲ ಯಾಕ ಇಷ್ಟ ಕೆಂಪಾತು?" ಅಂತ ಕೇಳಿದರು. ಇಲ್ಲಿ ಹೀಗೇ ಅಂದೆ. "ಛಲೋ ಐತಿ," ಅಂದು ಮತ್ತೆ ಕಣ್ಣು ಮುಚ್ಚಿದರು.

ಮಹಬೂಬಸಾಬ ಕಾಕಾನ ತೋಟ ಊರ ಹೊರಗೆ ರಸ್ತೆಯ ಪಕ್ಕದಲ್ಲೇ. ನಾನು ಲಂಗ ಹಾಕುವ ವಯಸ್ಸಿನಿಂದ ಅವನು ನನ್ನನ್ನು ಬಲ್ಲ. ಬಂದ ಕಾರಣ ಹೇಳಿದೆ. ನಗುತ್ತಾನೇನೋ ಅಂತ ಅಳುಕಿತ್ತು. ಅವನು ನಗಲಿಲ್ಲ. ಮಾವನ ತೋಳು ಹಿಡಿದು, "ಬರ್ರಿ ಅಜ್ಜಾರ, ಈ ಕಡೆ ಹಿರೇ ಗಿಡ ಐತಿ," ಅಂತ ಕರೆದೊಯ್ದ.

ಗಿಡದ ಮುಂದೆ ನಿಂತು ನಮ್ಮ ಮಾವ ಶುರು ಮಾಡಿದರು. ಹೆಣ್ಣು ನೋಡಲು ಬಂದವರು ಮನೆತನ ವಿಚಾರಿಸುತ್ತಾರಲ್ಲ, ಹಾಗೆ. ಯಾರು ಹಚ್ಚಿದ್ದು? "ನಮ್ಮವ್ವ ಹಚ್ಚಿದ್ದರಿ." ಎಷ್ಟು ವರ್ಷವಾಯಿತು? ನೀರು ಎಲ್ಲಿಂದ? ರೋಗ ಬಂದಿತ್ತೇ? ಬಂದಾಗ ಏನು ಹಾಕಿದಿರಿ? ಕಾಕಾ ಎಲ್ಲದಕ್ಕೂ ತಾಳ್ಮೆಯಿಂದ ಉತ್ತರ ಕೊಟ್ಟ. ಮಾವ ತೊಗಟೆಯ ಮೇಲೆ ಅಂಗೈ ಸವರಿದರು. ಟೊಂಗೆಯೊಂದನ್ನು ಬಗ್ಗಿಸಿ ಹತ್ತಿರದಿಂದ ನೋಡಿದರು. ಅದೇ ಟೊಂಗೆಯಲ್ಲಿ ಕಳಿತ ಹಣ್ಣು, ಹಸಿ ಕಾಯಿ, ತುದಿಯಲ್ಲಿ ಎರಡು ಬಿಳಿ ಹೂ.

"ಇನ್ನೂ ಹೂ ಅದಾವ," ಅಂದರು ನನ್ನ ಕಡೆ ತಿರುಗಿ. "ತಡಾ ಆಗಿಲ್ಲವ್ವ."

ಬುಡದಲ್ಲಿ ಐದು ಕಲ್ಲು ಇಟ್ಟು, ನೀರು ಹಾಕಿ, ಕುಂಕುಮ ಹಚ್ಚಿದೆ. ಮಾವ ಕಡಬು ಮುರಿದು ಮೊಸರನ್ನದಲ್ಲಿ ಕಲಸಿ ಗಿಡದ ಸುತ್ತ ಚೆಲ್ಲುತ್ತಾ ಹೊರಟರು. ಕೂಗು ಹಾಕಿದರು. ಮೊದಲ ಸುತ್ತಿನಲ್ಲಿ ದನಿ ಗಂಟಲಲ್ಲೇ ಉಳಿಯಿತು. ಎರಡನೆಯ ಸುತ್ತಿಗೆ ಹೊರಗೆ ಬಂತು. ಹಿಂದೆ ನೀರು ಚಿಮುಕಿಸುವವರು ಬೇಕಲ್ಲ, ಕಾಕಾ ತಾನಾಗಿ ಚೆರಿಗೆ ಹಿಡಿದು ಅವರ ಹಿಂದೆ ನಡೆದ. ಬಿಸಿಲು ಎಲೆಗಳ ನಡುವಿನಿಂದ ಇಳಿದು ಇಬ್ಬರ ಬೆನ್ನ ಮೇಲೂ ಆಡುತ್ತಿತ್ತು. ಒಬ್ಬ ಮುದುಕ ಅನ್ನ ಚೆಲ್ಲುತ್ತಾ, ಇನ್ನೊಬ್ಬ ಮುದುಕ ನೀರು ಚೆಲ್ಲುತ್ತಾ ಗಿಡದ ಸುತ್ತ ತಿರುಗುವುದನ್ನು ನೋಡುತ್ತಾ ನಾನು ನಿನ್ನೆಯ ಕನಸಿನಿಂದ ಇನ್ನೂ ಎದ್ದಿಲ್ಲವೇನೋ ಅಂದುಕೊಂಡೆ.

ಉಳಿದದ್ದನ್ನು ಮೂವರೂ ಗಿಡದ ಕೆಳಗೇ ಕೂತು ಉಂಡೆವು. ಊಟ ಮುಗಿಯಿತು. ಕಾಕಾ ಹಣ್ಣು ಕಿತ್ತು ಕೊಡಲು ಕೈ ಎತ್ತಿದವನು ಏನನ್ನೋ ಯೋಚಿಸಿ ಕೈ ಇಳಿಸಿದ. ಮಾವ ತಾವೇ ಎದ್ದರು. ಚೆನ್ನಾಗಿ ಕಳಿತು ಮೆತ್ತಗಾದ ಒಂದು ಹಣ್ಣನ್ನು ಹಿಡಿದು ಮೆಲ್ಲಗೆ ತಿರುವಿದರು, ಅದು ಕೈಗೆ ಬಂತು. ಮೂಸಿದರು. ಎರಡು ಹೆಬ್ಬೆರಳು ಒತ್ತಿ ಹೋಳು ಮಾಡಿದರು. ಒಳಗೆ ಕೆಂಪು ತಿರುಳು. ನಾನು ಅವರ ಬಾಯನ್ನೇ ನೋಡುತ್ತಿದ್ದೆ.

ಅವರು ಒಂದು ಹೋಳನ್ನು ನನ್ನ ಕಡೆ ಚಾಚಿದರು.

"ಮೊದಲ ನೀ ತಿನ್ನು."

"ನನಗ ಬ್ಯಾಡ್ರಿ ಮಾವಾರ, ನೀವ ತಿನ್ರಿ. ಅದಕ್ಕಂತ ಬಂದೀವಿ."

"ತಿನ್ನವ್ವ. ಕೂಸು ಹೊಟ್ಟ್ಯಾಗಿದ್ದಾಗ ನೀ ಬೇಡಿದ್ದಿ. ಒಲಿ ಮುಂದ ಕುಂತು ಅಂದಿದ್ದಿ, ನಾ ಪಡಸಾಲ್ಯಾಗ ಇದ್ದೆ, ಕೇಳಿತ್ತು. ಮರದಿನಾ ಹಣ್ಣ ತರಾಕ ಹೊಂಟಿದ್ದೆ. ಊರ ಅಗಸಿ ಬಾಗಲಕ್ಕ ಮುಳ್ಳ ಕಡದ ಹಾಕಿದ್ರು, ಯಾರನ್ನೂ ಬಿಡಲಿಲ್ಲ. ಹೊಲದ ದಾರಿ ಹಿಡದು ಹೆದ್ದಾರಿತನಾ ನಡದೆ. ಒಂದ ಗಾಡಿ ಇರಲಿಲ್ಲ. ಸಂಜಿತನಾ ಕುಂತು ತಿರುಗಿ ಬಂದೆ." ಹೋಳನ್ನು ಇನ್ನಷ್ಟು ಮುಂದೆ ಚಾಚಿದರು. "ವರ್ಷಾ ಭೂಮಿಗೆ ಉಣಿಸಿದೆ. ಮನ್ಯಾಗಿನ ಬಸುರಿಗೆ ಒಂದ ಹಣ್ಣ ತಂದ ಕೊಡಲಿಲ್ಲ ನಾ."

ಐದು ವರ್ಷ ಈ ಮನುಷ್ಯ ಅದನ್ನು ಎದೆಯಲ್ಲಿಟ್ಟುಕೊಂಡು ನಮ್ಮ ಜೊತೆ ಕೂತು ಎದ್ದಿದ್ದರು. ಹೋಳು ಇಸಿದುಕೊಂಡು ತಿಂದೆ. ಕಣ್ಣೀರು ತುಟಿಯವರೆಗೆ ಬಂದು ಹಣ್ಣಿಗೆ ಉಪ್ಪಾಯಿತು. ನನ್ನ ನೆನಪಿನಲ್ಲಿ ಇದ್ದ ರುಚಿಯೇ ಅದು. ಕಾಕಾ ರುಮಾಲಿನಿಂದ ಮುಖ ಒರೆಸಿಕೊಳ್ಳುತ್ತಾ ಬೇರೆ ಗಿಡದ ಕಡೆ ಹೋದ.

ನಾನು ನುಂಗುವವರೆಗೂ ಕಾದು, ಮಾವ ತಮ್ಮ ಹೋಳನ್ನು ಬಾಯಿಗೆ ಇಟ್ಟುಕೊಂಡರು. ನೋಯುವ ಒಸಡನ್ನು ತಪ್ಪಿಸಿ, ನಾಲಿಗೆಯಿಂದ ಒತ್ತಿ ಒತ್ತಿ ತಿಂದರು. ಬಹಳ ಹೊತ್ತು ತಿಂದರು.

"ಬೀಜ ಭಾಳ ಅದಾವಲ್ಲವ್ವ," ಅಂದರು.

ನಾನು ಅಳುತ್ತಲೇ ನಕ್ಕೆ. ಅವರು ಇನ್ನೊಂದು ಹಣ್ಣಿಗೆ ಕೈ ಹಾಕಿದರು.

ಸಂಜೆ ಮೊರಬಕ್ಕೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಕಾಕಾ ಕಟ್ಟಿಕೊಟ್ಟ ಹಣ್ಣುಗಳಲ್ಲಿ ಒಂದನ್ನು ರೇಷ್ಮಾ ಆಗಲೇ ಕಚ್ಚುತ್ತಿದ್ದಳು. ಬಸ್ಸಿನಲ್ಲಿ ಮಾವ ಬಾಳೆಗಿಡ ಎಲ್ಲಿ ಬೆಳೆಯುತ್ತದೆ ಅಂತ ಕೇಳಿದ್ದರು, ಮೋಸಂಬಿ ಎಲ್ಲಿ ಅಂತಲೂ ಕೇಳಿದ್ದರು. ನನ್ನ ಮುಂದೆ ಇನ್ನೆಷ್ಟು ಬಸ್ಸು, ಎಷ್ಟು ಕಡಬು ಕಾದಿದ್ದವೋ.

ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಮಾವ ಒಳಗೆ ಬಂದರು. ದಿನದಂತೆ ಹಾಲಿನ ಪಾತ್ರೆಯ ಕಡೆ ಹೋಗುತ್ತಾರೆ ಅಂದುಕೊಂಡು ಸರಿದು ಜಾಗ ಬಿಟ್ಟೆ. ಅವರು ಹೋಗಲಿಲ್ಲ. ಗೋಡೆಗೆ ಒರಗಿ ಕೂತು, ಖಾಲಿ ತಾಟನ್ನು ನೆಲದ ಮೇಲೆ ನನ್ನ ಕಡೆ ಸರಿಸಿದರು.

"ರೊಟ್ಟಿ ನೀನ ಮುರದ ಹಾಕವ್ವ," ಅಂದರು. "ಹಾಲೂ ನೀನ ಹಾಕು."